ನೀರು ಹಾಕದಿರುವ ವಿದ್ಯೆ



ಈ ದತ್ತಿ ಉಪನ್ಯಾಸದ ನಿಯಮದಲ್ಲಿ ‘ಸಸ್ಯಲೋಕಕ್ಕೆ ಸಂಬಂಧಿಸಿದ ಯಾವುದೇ ವಿಷಯ’ ಎಂದಿದೆ. ಆ ‘ಯಾವುದೇ’ ಎಂಬ ಮಾತಿನ ಸಲುಗೆ ಹಿಡಿದು, ನಮ್ಮ ಅಂಗಳದಲ್ಲಿ ಬೆಳೆಯದ, ಇಲ್ಲಿ ಕೂತಿರುವ ಹೆಚ್ಚಿನವರು ಕಣ್ಣಾರೆ ನೋಡಿರದ ಒಂದು ಹೂವಿನ ಬಗ್ಗೆ ಮಾತಾಡುತ್ತೇನೆ ಎಂದು ಬರೆದು ಕಳಿಸಿದೆ. ಸಮಿತಿಯವರು ಒಂದು ವಾರ ಉತ್ತರಿಸಲಿಲ್ಲ. ಆಮೇಲೆ ಫೋನ್ ಮಾಡಿ, ‘ಸಾರ್, ಅದು ಕೇಸರಿಯ ಜಾತಿಯದ್ದೇ ಅಲ್ಲವೇ? ಹಾಗಾದರೆ ಜನ ಬರುತ್ತಾರೆ’ ಎಂದರು. ಬಂದಿದ್ದೀರಿ. ಕೇಸರಿಯ ಆಸೆಯಿಂದ ಬಂದವರಿಗೆ ಅದೂ ಸಿಗುತ್ತದೆ, ಸ್ವಲ್ಪ ಕಾಯಬೇಕು.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಒಡೆದ ಮಣ್ಣಿನ ಕೊಡ ಇತ್ತು. ಅದರ ಬುಡದಲ್ಲಿ ಅಮ್ಮ ನೆಲಸಂಪಿಗೆ ಹಾಕಿದ್ದಳು. ಚಳಿ ಶುರುವಾಯಿತೆಂದರೆ ಎಲೆಯೆಲ್ಲ ಒಣಗಿ ಬಿದ್ದು ಕೊಡದಲ್ಲಿ ಬರಿ ಮಣ್ಣು ಉಳಿಯುತ್ತಿತ್ತು. ನಾನು ಪಾಪ ಎಂದು ಒಂದು ಚೊಂಬು ನೀರು ಹೊಯ್ಯಲು ಹೋದರೆ ಅಮ್ಮ ಒಳಗಿನಿಂದಲೇ ಕೂಗುತ್ತಿದ್ದಳು: ‘ಮಲಗಿದ್ದನ್ನ ಎಬ್ಬಿಸಬೇಡ ಮಾರಾಯ, ಕೊಳೆತು ಹೋಗ್ತದೆ!’ ಬೇಸಿಗೆಯ ಉರಿಯಲ್ಲಿ ಒಂದು ಬೆಳಗ್ಗೆ ಎಲೆಯೂ ಇಲ್ಲದ, ಕಾಂಡವೂ ಇಲ್ಲದ ಆ ಮಣ್ಣಿನಿಂದ ನೇರವಾಗಿ ಬಿಳಿ ನೇರಳೆಯ ಹೂ ಎದ್ದು ಬರುತ್ತಿತ್ತು. ಹಿತ್ತಿಲಿಗೆಲ್ಲ ಪರಿಮಳ. ಅಮ್ಮ ಹೇಳಿದ ಆ ಮಾತಿನ ಹಿಂದೆ ಎಷ್ಟು ಸಸ್ಯಶಾಸ್ತ್ರ ಇದೆ ಎಂದು ತಿಳಿಯಲು ನನಗೆ ಐವತ್ತು ವರ್ಷ ಹಿಡಿಯಿತು. ತಿಳಿದದ್ದೂ ಪರದೇಶದಲ್ಲಿ, ಬೇರೆ ಹೂವಿನಿಂದ. ಅದರ ಹೆಸರು ಕ್ರೋಕಸ್.

ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದೆ. ಕ್ರೋಕಸ್ ಎಂದರೆ ಬೋರ್ಡಿನ ಮೇಲಿನ ಒಂದು ಸಾಲು: ನೆಲದೊಳಗಿನ ಕಾಂಡಕ್ಕೆ ಉದಾಹರಣೆ ಕೆಸ, ಸುವರ್ಣಗಡ್ಡೆ, ಕ್ರೋಕಸ್. ಪರೀಕ್ಷೆಯಲ್ಲಿ ಎರಡು ಅಂಕ. ಕೆಸವನ್ನು ಪತ್ರೊಡೆಯಲ್ಲಿ ತಿಂದಿದ್ದೆ, ಸುವರ್ಣಗಡ್ಡೆಯನ್ನು ಹುಳಿಯಲ್ಲಿ ತಿಂದಿದ್ದೆ, ಕ್ರೋಕಸ್ಸನ್ನು ನೋಡಿಯೇ ಇರಲಿಲ್ಲ. ನಿವೃತ್ತಿಯಾದ ಮೇಲೆ ಇಂಗ್ಲೆಂಡಿನ ಶೆಫೀಲ್ಡಿನಲ್ಲಿರುವ ಮಗಳ ಮನೆಗೆ ಹೋದೆ. ಅಕ್ಟೋಬರ್ ತಿಂಗಳು, ದಿನವಿಡೀ ಜಡಿ. ಪಕ್ಕದ ಮನೆಯ ಮುದುಕರು ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಹಿತ್ತಿಲಲ್ಲಿ ಒಂದು ಸಣ್ಣ ಗಾಜಿನ ಮನೆ. ಒಳಗೆ ಕಾವಿಲ್ಲ, ಹೀಟರಿಲ್ಲ, ಮಳೆ ತಡೆಯಲು ಗಾಜು ಅಷ್ಟೆ. ಮರಳಿನ ಪಾತಿಯಲ್ಲಿ ಕತ್ತಿನವರೆಗೆ ಹೂತ ಮಣ್ಣಿನ ಕುಂಡಗಳು. ಪ್ರತಿ ಕುಂಡದಲ್ಲೂ ಮೇಲೆ ಗರಸು, ಗರಸಿನಿಂದ ಎದ್ದ ಎರಡೋ ಮೂರೋ ಹೂ. ಎಲೆಯೇ ಇಲ್ಲ. ನನಗೆ ತಟ್ಟನೆ ನೆನಪಾದದ್ದು ಪಾಠದ ಬೋರ್ಡಲ್ಲ, ಹಿತ್ತಿಲಿನ ಒಡೆದ ಕೊಡ.

ಕ್ರೋಕಸ್ ಎಂದರೆ ಯುರೋಪಿನವರಿಗೆ ವಸಂತದ ಹೂ. ಫೆಬ್ರವರಿ ಮಾರ್ಚಿನಲ್ಲಿ ಪಾರ್ಕುಗಳ ಹುಲ್ಲಿನಲ್ಲಿ ಹಳದಿ, ನೇರಳೆ ಗುಂಪಾಗಿ ನಿಲ್ಲುವ ಹೂ. ಆದರೆ ಈ ಕುಲದ ಒಳ್ಳೆಯ ಪಾಲು ಪ್ರಭೇದಗಳು ಹೂ ಬಿಡುವುದು ಶರತ್ತಿನಲ್ಲಿ, ಹೆಚ್ಚುಕಡಿಮೆ ನಮ್ಮ ದಸರೆಯಿಂದ ದೀಪಾವಳಿಯವರೆಗೆ. ಅವುಗಳ ತವರು ಸ್ಪೇನಿನಿಂದ ಗ್ರೀಸ್, ತುರ್ಕಿ, ಕಾಕಸಸ್ ದಾಟಿ ಇರಾನಿನ ಕಡೆಗೆ ಹಬ್ಬಿದ ಬೆಟ್ಟಗುಡ್ಡಗಳು.

ಇಲ್ಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ, ಏಕೆಂದರೆ ಇದು ಪ್ರಾಣಕ್ಕೆ ಸಂಬಂಧಿಸಿದ್ದು. ಇಂಗ್ಲಿಷರು ‘ಶರತ್ಕಾಲದ ಕ್ರೋಕಸ್’ ಎಂದು ಕರೆಯುವ ಇನ್ನೊಂದು ಹೂವಿದೆ, ಕೋಲ್ಚಿಕಮ್. ಅದೂ ಎಲೆಯಿಲ್ಲದೆ ನೆಲದಿಂದ ಏಳುತ್ತದೆ, ಅದೂ ತಿಳಿ ನೇರಳೆ. ಆದರೆ ಕ್ರೋಕಸ್ ಅಲ್ಲ, ಬೇರೆ ಕುಟುಂಬ, ಅಡಿಯಿಂದ ಮುಡಿಯವರೆಗೆ ವಿಷ. ಪತ್ತೆಹಚ್ಚುವುದು ಸುಲಭ: ಹೂವಿನೊಳಗೆ ಬಗ್ಗಿ ಕೇಸರಗಳನ್ನು ಎಣಿಸಿ. ಕ್ರೋಕಸ್ಸಿಗೆ ಮೂರು, ಕೋಲ್ಚಿಕಮ್ಮಿಗೆ ಆರು. ಈ ವಿಷದ ಕುಟುಂಬದ ಒಬ್ಬಳು ನಮ್ಮ ಬೇಲಿಯಲ್ಲೇ ಇದ್ದಾಳೆ. ಗೌರಿ ಹಬ್ಬದ ಹೊತ್ತಿಗೆ ಬೆಂಕಿಯ ನಾಲಗೆಯ ಹಾಗೆ ಅರಳುವ ಗೌರಿ ಹೂ, ಅಗ್ನಿಶಿಖೆ. ಅವಳಿಗೂ ಆರು ಕೇಸರ, ಅವಳ ಗಡ್ಡೆಯಲ್ಲೂ ಅದೇ ಕೋಲ್ಚಿಸಿನ್ ವಿಷ. ಗೌಟ್ ನೋವಿಗೆ ವೈದ್ಯರು ಅಳೆದು ಕೊಡುವ ಮಾತ್ರೆಯೂ ಅದೇ. ಜೀವಕೋಶದ ವರ್ಣತಂತುಗಳನ್ನು ಇಮ್ಮಡಿಗೊಳಿಸುವ ಅದರ ಶಕ್ತಿ 1937ರಲ್ಲಿ ಗೊತ್ತಾದ ಮೇಲೆಯೇ ಬೀಜವಿಲ್ಲದ ಕಲ್ಲಂಗಡಿಗೆ ದಾರಿಯಾಯಿತು. ಅದು ಬೇರೆ ಉಪನ್ಯಾಸ.

ಕ್ರೋಕಸ್ಸಿಗೆ ಬರೋಣ. ಆ ಮುದುಕರು ಮೊದಲ ದಿನ ನನ್ನ ಕೈಗೆ ಹೂ ಕೊಡಲಿಲ್ಲ, ಒಂದು ಗಡ್ಡೆ ಕೊಟ್ಟರು, ಜೊತೆಗೆ ಒಂದು ಭೂತಗನ್ನಡಿ. ಬೆಳ್ಳುಳ್ಳಿಯ ಎಸಳಿಗಿಂತ ತುಸು ದಪ್ಪ. ಮೇಲೆ ಕಂದು ಸಿಪ್ಪೆ. ಭೂತಗನ್ನಡಿಯಲ್ಲಿ ನೋಡಿದರೆ ಅದು ಸಿಪ್ಪೆಯಲ್ಲ, ಬಲೆ. ಮೀನು ಹಿಡಿಯುವ ಬಲೆಯನ್ನು ಬೆರಳುಗಾತ್ರಕ್ಕೆ ಇಳಿಸಿದರೆ ಹೇಗಿರುತ್ತದೆ, ಹಾಗೆ ನಾರು ನಾರಿನ ಹೆಣಿಗೆ. ಅದು ಕ್ರೋಕಸ್ ಕ್ಯಾನ್ಸೆಲೇಟಸ್. ಇನ್ನೊಂದು ಕೊಟ್ಟರು, ಕ್ರೋಕಸ್ ಲೇವಿಗೇಟಸ್. ಅದರ ಹೊದಿಕೆ ನುಣುಪು, ಗಟ್ಟಿ, ಉಗುರಿನಿಂದ ತಟ್ಟಿದರೆ ಟಕ್ ಎನ್ನುತ್ತದೆ. ಹೂವಿನ ಬಣ್ಣ ನಂಬಿ ಕ್ರೋಕಸ್ ಗುರುತಿಸಲು ಹೋದವನು ಕೆಡುತ್ತಾನೆ, ಒಂದೇ ಗುಡ್ಡದಲ್ಲಿ ಬಿಳಿಯೂ ನೇರಳೆಯೂ ಇರಬಹುದು. ಬಲ್ಲವರು ಮೊದಲು ಕೇಳುವುದು ಗಡ್ಡೆ ಯಾವ ಬಟ್ಟೆ ಉಟ್ಟಿದೆ ಎಂದು.

ಹೂವಿನ ರಚನೆ ಅದಕ್ಕಿಂತ ಸೋಜಿಗ. ನೆಲದಿಂದ ಎದ್ದ ಬಿಳಿಯ ದಂಟು ಕಾಣುತ್ತದಲ್ಲ, ಅದು ದಂಟಲ್ಲ, ಹೂವೇ. ಎಸಳುಗಳು ಕೆಳಗೆ ಕೂಡಿ ಕೊಳವೆಯಾಗಿ ಮಣ್ಣಿನೊಳಗೆ ಇಳಿದಿರುತ್ತವೆ. ಅಂಡಾಶಯ ನೆಲದಡಿಯಲ್ಲಿ, ಗಡ್ಡೆಯ ತಲೆಯ ಮೇಲೆ, ಹಿಮ ಮುಟ್ಟದ ಕಡೆ ಅಡಗಿರುತ್ತದೆ. ಪರಾಗ ಅಷ್ಟು ಉದ್ದ ಇಳಿದು ಹೋಗಿ ಫಲವಾಗಬೇಕು. ಹೂ ಬಾಡಿ, ಎಲ್ಲರೂ ಮರೆತು, ಚಳಿಗಾಲ ಕಳೆದ ಮೇಲೆ ವಸಂತದಲ್ಲಿ ಬೀಜದ ಕಾಯಿ ಮೆಲ್ಲನೆ ನೆಲದ ಮಟ್ಟಕ್ಕೆ ತಲೆಯೆತ್ತುತ್ತದೆ. ಬೀಜ ಹುಡುಕುವವರು ಮಂಡಿಯೂರಿ ಎಲೆ ಸರಿಸಿ ನೋಡಬೇಕು. ಹೀಗೆ ಶರತ್ತಿನಲ್ಲಿ ಹೂ, ವಸಂತದಲ್ಲಿ ಕಾಯಿ. ಇವೆರಡರ ನಡುವೆ ಎಲೆ ಬೆಳೆಯುತ್ತದೆ, ಹಳೆಯ ಗಡ್ಡೆ ಕರಗುತ್ತದೆ, ಅದರ ತಲೆಯ ಮೇಲೆ ಹೊಸ ಗಡ್ಡೆ ಕೂರುತ್ತದೆ. ನಮ್ಮ ದತ್ತಿನಿಧಿಗಳಲ್ಲಿ ಅಸಲು ಮುಟ್ಟದೆ ಬಡ್ಡಿಯಲ್ಲಿ ಕಾರ್ಯಕ್ರಮ ನಡೆಸುತ್ತೇವೆ. ಕ್ರೋಕಸ್ ಹಾಗಲ್ಲ. ಪ್ರತಿ ವರ್ಷ ಅಸಲನ್ನೆಲ್ಲ ಖರ್ಚು ಮಾಡಿ ಹೂ ಬಿಟ್ಟು, ಆಮೇಲೆ ಎಲೆಯ ದುಡಿಮೆಯಿಂದ ಹೊಸ ಅಸಲು ಕೂಡಿಸುತ್ತದೆ. ಹೊಸ ಗಡ್ಡೆ ಹಳೆಯದರ ಮೇಲೆ ಕೂರುವುದರಿಂದ ವರ್ಷವರ್ಷಕ್ಕೆ ನೆಲದಿಂದ ಹೊರಗೇ ಬಂದುಬಿಡಬೇಕಿತ್ತು. ಅದಕ್ಕೆಂದೇ ಸುಕ್ಕುಗಟ್ಟಿ ಕುಗ್ಗುವ ದಪ್ಪ ಬೇರುಗಳಿವೆ, ಅವು ಮರಿಗಡ್ಡೆಯನ್ನು ಕೆಳಕ್ಕೆ ಎಳೆದುಕೊಳ್ಳುತ್ತವೆ.

ಈಗ ಅಮ್ಮನ ಮಾತು. ಮೆಡಿಟರೇನಿಯನ್ ಸುತ್ತಿನ ನಾಡುಗಳಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣ, ನೆಲ ಕಾದ ಕಾವಲಿ. ಕ್ರೋಕಸ್ ಆಗ ಎಲೆ ಬೇರು ಎಲ್ಲವನ್ನೂ ಕಳಚಿ ಮಲಗುತ್ತದೆ. ಮಲಗುತ್ತದೆ ಎಂದು ನಾವು ಹೇಳುತ್ತೇವೆ, ಒಳಗೆ ಕೆಲಸ ನಡೆದಿರುತ್ತದೆ. ಕೇಸರಿ ಗಡ್ಡೆಯನ್ನು ಪರೀಕ್ಷಿಸಿದವರು ಕಂಡುಕೊಂಡಂತೆ, 23ರಿಂದ 27 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ ವಾರಗಟ್ಟಲೆ ಇದ್ದಾಗಲೇ ಗಡ್ಡೆಯೊಳಗೆ ಹೂ ರೂಪುಗೊಳ್ಳುವುದು. ಆಮೇಲೆ 17 ಡಿಗ್ರಿಯ ಆಸುಪಾಸಿಗೆ ತಂಪಾದಾಗ ಅದು ಹೊರಗೆ ಬರುವುದು. ಸೆಕೆಯಲ್ಲಿ ಬಸಿರು, ತಂಪಿನಲ್ಲಿ ಹೆರಿಗೆ. ಆ ಸೆಕೆಯ ಹೊತ್ತಿನಲ್ಲಿ ಕರುಣೆಯಿಂದ ನೀರು ಹೊಯ್ದರೆ ಗಡ್ಡೆ ಕೊಳೆಯುತ್ತದೆ.

ಹಾಗಾಗಿ ಬೆಳೆಯುವ ಕ್ರಮವನ್ನು ಆ ಮುದುಕರು ನನಗೆ ಕಲಿಸಿದ್ದು ತಿಂಗಳ ಲೆಕ್ಕದಲ್ಲಿ. ಮೇ ಕೊನೆಗೆ ಎಲೆ ಹಳದಿಯಾದಾಗ ನೀರು ನಿಲ್ಲಿಸು. ಜುಲೈಯಲ್ಲಿ ಕುಂಡ ಕವುಚಿ ಗಡ್ಡೆ ಆರಿಸು, ಕೊಳೆತದ್ದು, ಮೆತ್ತಗಾದದ್ದು ಎಸೆ. ಎಲೆಯಲ್ಲಿ ಗೀರು ಗೀರು ಬಣ್ಣಗೇಡು ಕಂಡ ಕುಂಡವಿದ್ದರೆ ಮರುಕಪಡದೆ ಸುಟ್ಟುಬಿಡು, ಅದು ವೈರಸ್, ಪಕ್ಕದ್ದಕ್ಕೂ ಹಬ್ಬುತ್ತದೆ. ಮಣ್ಣಿಗೆ ಅರ್ಧದಷ್ಟು ಗರಸು ಬೆರೆಸಿ ಮತ್ತೆ ನೆಡು. ಆಗಸ್ಟ್ ಪೂರ್ತಿ ಒಣ. ಸೆಪ್ಟೆಂಬರ್ ಮೊದಲ ವಾರ ಒಂದು ದಿನ ಎಲ್ಲ ಕುಂಡಗಳಿಗೂ ಬುಡದಿಂದ ನೀರು ಸುರಿಯುವ ತನಕ ಹೊಯ್ಯಿ. ಗ್ರೀಸಿನ ಬೆಟ್ಟಕ್ಕೆ ಮೊದಲ ಮಳೆ ಬಂತು ಎಂದು ಗಡ್ಡೆಗೆ ನಂಬಿಕೆ ಬರಬೇಕು. ಕೆಲವೇ ವಾರಗಳಲ್ಲಿ ಬಿಳಿಯ ಮೊಳೆ ಕಾಣುತ್ತದೆ. ಇಲಿಯ ಕಾಟಕ್ಕೆ ಮೇಲೆ ತಂತಿಬಲೆ ಹಾಕು. ಕ್ರೋಕಸ್ ಗಡ್ಡೆ ಇಲಿಗೆ ನಮ್ಮ ಗೆಣಸಿನ ಹಾಗೆ.

ಇಷ್ಟು ಕಲಿತ ಮೇಲೆ ನನಗೆ ಜಂಬ ಬಂತು. ಮರುವರ್ಷ ಅವರು ಕೊಟ್ಟ ಒಂದು ಕುಂಡ ಕ್ರೋಕಸ್ ಬನಾಟಿಕಸ್. ರೊಮೇನಿಯಾ, ಸೆರ್ಬಿಯಾ ಕಡೆಯದು. ಉಳಿದ ಕ್ರೋಕಸ್‌ಗಳಲ್ಲಿ ಆರು ಎಸಳೂ ಹೆಚ್ಚುಕಡಿಮೆ ಒಂದೇ ಅಳತೆ. ಇದರಲ್ಲಿ ಹೊರಗಿನ ಮೂರು ದೊಡ್ಡವು, ಒಳಗಿನ ಮೂರು ಅರ್ಧದಷ್ಟು, ನೆಟ್ಟಗೆ ನಿಂತವು. ದೂರದಿಂದ ನೋಡಿದರೆ ಐರಿಸ್ ಹೂವೆಂದೇ ಅನ್ನಬೇಕು. ನಡುವೆ ನೇರಳೆಯ ನೂಲಿನ ಕುಚ್ಚು. ಆ ವರ್ಷ ಇಡೀ ಬೇಸಿಗೆ ಅಲ್ಲೇ ಇದ್ದೆ, ಕಲಿತ ವಿದ್ಯೆಯನ್ನು ಅದರ ಮೇಲೆ ಪ್ರಯೋಗಿಸಿದೆ. ಮೂರು ತಿಂಗಳು ಹನಿ ನೀರು ಹಾಕಲಿಲ್ಲ. ಸೆಪ್ಟೆಂಬರಿನಲ್ಲಿ ಅಗೆದರೆ ಗಡ್ಡೆಗಳು ಒಣದ್ರಾಕ್ಷಿಯಾಗಿದ್ದವು. ಬನಾಟಿಕಸ್ ಕಾಡಂಚಿನ, ತಂಪು ಹುಲ್ಲುಗಾವಲಿನ ಗಿಡ, ಅದಕ್ಕೆ ಬೇಸಿಗೆಯಲ್ಲೂ ತೇವ ಬೇಕು. ಕಾಕಸಸ್ಸಿನ ಎತ್ತರದ ಒದ್ದೆ ಹುಲ್ಲಿನಲ್ಲಿ ಬೆಳೆಯುವ, ಶರತ್ತಿನ ಕ್ರೋಕಸ್‌ಗಳಲ್ಲಿ ಅಪರೂಪಕ್ಕೆ ಕಿತ್ತಳೆ ಹಳದಿಯಾದ ಸ್ಕಾರೋಜಾನಿಯೈ ಕೂಡ ಹಾಗೆಯೇ, ಅದನ್ನು ಪಳಗಿಸುವುದು ಇನ್ನೂ ಕಷ್ಟ. ಮುದುಕರು ಬೈಯಲಿಲ್ಲ. ‘ಪ್ರೊಫೆಸರ್, ಅದರ ಊರು ಯಾವುದು ಅಂತ ಕೇಳಲಿಲ್ಲ ನೀವು’ ಎಂದರು. ಬೈದಿದ್ದರೆ ಚೆನ್ನಾಗಿತ್ತು.

‘ಅಪರೂಪ’ ಎಂಬ ಮಾತನ್ನು ಇವತ್ತಿನ ಶೀರ್ಷಿಕೆಯಿಂದ ನಾನು ಬೇಕೆಂದೇ ಬಿಟ್ಟೆ. ಒಂದು ಹೂ ಯಾರಿಗೆ ಅಪರೂಪ? ಗ್ರೀಸಿನ ಪೆಲೊಪೊನೀಸಿನ ದಕ್ಷಿಣದ ತುದಿಯಲ್ಲಿ ಮಾನಿ ಎಂಬ ಕಲ್ಲುನಾಡಿದೆ. ಅಲ್ಲಿಯ ಆಲಿವ್ ತೋಟಗಳಲ್ಲಿ, ಕಲ್ಲುಗೋಡೆಗಳ ಬುಡದಲ್ಲಿ ಶರತ್ತಿನಲ್ಲಿ ಒಂದು ತಿಳಿ ನೀಲಿನೇರಳೆಯ ಕ್ರೋಕಸ್ ಧಾರಾಳವಾಗಿ ಅರಳುತ್ತದೆ. ಕೊಳವೆ ಹೆಚ್ಚುಕಡಿಮೆ ಗೇಣುದ್ದ, ಅದರ ತುದಿಯಲ್ಲಿ ದುಂಡನೆಯ ಬಟ್ಟಲು. ಆಲಿವ್ ಕೀಳುವ ಹೆಂಗಸರು ಅದನ್ನು ತಲೆತಲಾಂತರದಿಂದ ತುಳಿದುಕೊಂಡೇ ಓಡಾಡಿರಬೇಕು. ವಿಜ್ಞಾನಕ್ಕೆ ಅದು ಗೊತ್ತಾಗಿ ಹೆಸರು ಸಿಕ್ಕಿದ್ದು 1955ರಲ್ಲಿ. ಹುಡುಕಿದವರು ಗೌಲಿಮಿಸ್ ಎಂಬ ಅಥೆನ್ಸಿನ ವಕೀಲರು, ಸಸ್ಯಶಾಸ್ತ್ರ ಅವರಿಗೆ ಹವ್ಯಾಸ. ಕ್ಯೂ ಸಸ್ಯೋದ್ಯಾನದ ಸಸ್ಯಶಾಸ್ತ್ರಜ್ಞ ಟರಿಲ್ ಅದಕ್ಕೆ ಕ್ರೋಕಸ್ ಗೌಲಿಮಿಯೈ ಎಂದು ಹೆಸರಿಟ್ಟರು. ಅಷ್ಟು ಧಾರಾಳವಾದ ಹೂ ಅಷ್ಟು ತಡವಾಗಿ ಕಂಡದ್ದೇಕೆ? ನನ್ನ ಊಹೆ ಇಷ್ಟೇ: ಸಸ್ಯ ಹುಡುಕುವವರೆಲ್ಲ ಗ್ರೀಸಿಗೆ ಹೋಗುತ್ತಿದ್ದದ್ದು ವಸಂತದಲ್ಲಿ. ಅಕ್ಟೋಬರಿನಲ್ಲಿ ಅಲ್ಲಿ ಇದ್ದವರು ಕೂಲಿಯವರು ಮತ್ತು ಮೇಕೆಗಳು. ತುರ್ಕಿಯ ನೈಋತ್ಯ ಬೆಟ್ಟಗಳ ಕ್ರೋಕಸ್ ಮ್ಯಾಥ್ಯೂಯೈ ಇನ್ನೂ ಈಚಿನದು, 1994ರಲ್ಲಿ ಹೆಸರಾದದ್ದು. ಬಿಳಿಯ ಹೂ, ಗಂಟಲಲ್ಲಿ ಮಾತ್ರ ಕಡುನೇರಳೆ, ಶಾಯಿ ಕುಡಿದ ಮಗುವಿನ ಬಾಯಿಯ ಹಾಗೆ. ಕ್ರೋಕಸ್ ಕುಲದ ಬಗ್ಗೆ 1982ರಲ್ಲಿ ಗ್ರಂಥ ಬರೆದ ಬ್ರಯನ್ ಮ್ಯಾಥ್ಯೂ ಅವರ ಹೆಸರು ಅದಕ್ಕೆ.

ಈ ಹೂವಿನ ಹಿಂದೆ ಬಿದ್ದವರಲ್ಲಿ ಸಂಬಳದ ವಿಜ್ಞಾನಿಗಳಿಗಿಂತ ಬೇರೆ ಕಸುಬಿನವರೇ ಹೆಚ್ಚು ಎನಿಸುತ್ತದೆ. 1886ರಲ್ಲಿ ಈ ಕುಲದ ಮೊದಲ ದೊಡ್ಡ ಗ್ರಂಥ ಹೊರತಂದ ಜಾರ್ಜ್ ಮಾ ಇಂಗ್ಲೆಂಡಿನ ಶ್ರಾಪ್‌ಶೈರಿನಲ್ಲಿ ನೆಲಹಾಸಿನ ಹೆಂಚು ಮಾಡಿ ಮಾರುತ್ತಿದ್ದ ಕಾರ್ಖಾನೆದಾರ. ಅದರ ಬಣ್ಣದ ಚಿತ್ರಗಳನ್ನೂ ತಾನೇ ಬರೆದ. ಲಂಡನ್ನಿನ ಪಕ್ಕ ಎನ್‌ಫೀಲ್ಡಿನ ಇ. ಎ. ಬೌಲ್ಸ್ ಜೀವನವಿಡೀ ತಮ್ಮ ತೋಟದಲ್ಲೇ ಕಳೆದವರು. ಅದರ ಒಂದು ಮೂಲೆಗೆ ‘ಹುಚ್ಚಾಸ್ಪತ್ರೆ’ ಎಂದು ಹೆಸರಿಟ್ಟು ಸೊಟ್ಟ ಬೆಳೆಯುವ ಗಿಡಗಳನ್ನೆಲ್ಲ ಅಲ್ಲಿ ಸಾಕಿದ್ದರು. ಗೌಲಿಮಿಯೈಯ ನೆರೆಯದೇ ಆದ, ಅರಿಶಿನ ಗಂಟಲಿನ ದೊಡ್ಡ ಬಿಳಿ ಹೂ ಕ್ರೋಕಸ್ ನೀವಿಯಸ್ಸಿಗೆ 1900ರಲ್ಲಿ ಹೆಸರಿಟ್ಟವರು ಅವರೇ.

ಸರಿ, ಕೇಸರಿ. ಅದೂ ಶರತ್ತಿನ ಕ್ರೋಕಸ್ಸೇ, ಕ್ರೋಕಸ್ ಸಟೈವಸ್. ಮೊದಲಿಗೆ ನಮ್ಮ ಭಾಷೆಯ ಒಂದು ತಮಾಷೆ. ನಾವು ಪಾಠದಲ್ಲಿ ಕೇಸರ ಎನ್ನುವುದು ಹೂವಿನ ಗಂಡು ಭಾಗಕ್ಕೆ. ಅಂಗಡಿಯಲ್ಲಿ ಕೇಸರಿ ಎಂದು ಕೊಳ್ಳುವ ಕೆಂಪು ಎಳೆ ಗಂಡು ಭಾಗವೇ ಅಲ್ಲ, ಹೆಣ್ಣು ಭಾಗವಾದ ಶಲಾಕಾಗ್ರ. ಹೂವಿಗೆ ಮೂರೇ ಎಳೆ, ಒಂದು ಗ್ರಾಂ ಒಣಕೇಸರಿಗೆ ಸುಮಾರು 150 ಹೂ. ನಮ್ಮ ಕೇಸರಿಬಾತಿನಲ್ಲಿರುವುದು ಹೆಚ್ಚಿನಂಶ ಹೆಸರು ಮಾತ್ರ. ಕುಂಕುಮ ಎಂಬ ಮಾತೂ ಮೊದಲು ಇದಕ್ಕೇ ಇತ್ತು. ಅರಿಶಿನಕ್ಕೆ ಸುಣ್ಣ ಬೆರೆಸಿದ ಪುಡಿ ಆಮೇಲೆ ಆ ಹೆಸರನ್ನು ಕಸಿದುಕೊಂಡಿತು.

ನಮ್ಮ ಕಲ್ಯಾಣಕ್ಕೂ ಕೇಸರಿಗೂ ಒಂದು ನಂಟಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಬಿಲ್ಹಣ ಕಾಶ್ಮೀರದವನು. ಅವನ ಊರು ಇವತ್ತಿಗೂ ಕೇಸರಿಗೆ ಹೆಸರಾದ ಪಾಂಪೋರಿನ ಪಕ್ಕದ್ದು. ‘ವಿಕ್ರಮಾಂಕದೇವಚರಿತ’ದಲ್ಲಿ ಅವನು ಕೇಸರಿಯೂ ಕವಿತೆಯೂ ಒಡಹುಟ್ಟಿದವು, ಕಾಶ್ಮೀರ ಬಿಟ್ಟು ಬೇರೆಲ್ಲೂ ಅವು ಮೊಳೆಯುವುದಿಲ್ಲ ಎಂಬರ್ಥದಲ್ಲಿ ಜಂಬ ಕೊಚ್ಚಿಕೊಂಡಿದ್ದಾನೆ. ಉಂಡದ್ದು ಕಲ್ಯಾಣದ ಅನ್ನ, ನೆನೆದದ್ದು ಊರ ಹೊಲ. ಪರವೂರಿನಲ್ಲಿ ಇದ್ದವರಿಗೆ ಅರ್ಥವಾಗುವ ಜಂಬ, ಹೋಗಲಿ ಬಿಡಿ. ಆದರೆ ಕೇಸರಿ ಮೊಳೆತದ್ದು ಕಾಶ್ಮೀರದಲ್ಲಲ್ಲ. 2019ರಲ್ಲಿ ಪ್ರಕಟವಾದ ಅನುವಂಶಿಕ ಅಧ್ಯಯನಗಳು ಅದರ ತಾಯಿಬೇರನ್ನು ಅಥೆನ್ಸಿನ ಸುತ್ತಲಿನ ಅಟಿಕಾ ಸೀಮೆಗೆ ಕೊಂಡೊಯ್ದವು. ಅಲ್ಲಿನ ಕಾಡು ಕ್ರೋಕಸ್ ಕಾರ್ಟ್‌ರೈಟಿಯಾನಸ್ಸೇ ಅದರ ಮೂಲ. ಸ್ಯಾಂಟೋರಿನಿ ದ್ವೀಪದ ಅಕ್ರೋಟಿರಿಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಸಿಕ್ಕ, ಮೂರೂವರೆ ಸಾವಿರ ವರ್ಷಕ್ಕೂ ಹಳೆಯ ಭಿತ್ತಿಚಿತ್ರಗಳಲ್ಲಿ ಹುಡುಗಿಯರು ಬಂಡೆಗಳ ನಡುವೆ ಈ ಹೂ ಕೀಳುತ್ತಿದ್ದಾರೆ. ಕ್ರೀಟಿನ ಕ್ನೊಸಾಸ್ ಅರಮನೆಯಲ್ಲೂ ಅಂಥದೊಂದು ಚಿತ್ರದ ಚೂರುಗಳು ಸಿಕ್ಕವು. ಉತ್ಖನನ ಮಾಡಿದ ಆರ್ಥರ್ ಎವನ್ಸ್ ಅದನ್ನು ಹೂ ಕೀಳುವ ನೀಲಿ ಹುಡುಗ ಎಂದು ಜೋಡಿಸಿದ. ಆಮೇಲೆ ಬಾಲ ಗುರುತಿಸಿದರು. ಅದು ಮಂಗ!

ಅಟಿಕಾದ ಆ ಕಾಡು ಕ್ರೋಕಸ್ಸಿಗೆ 16 ವರ್ಣತಂತು, ಎಂದರೆ ಎರಡು ಸೆಟ್; ಕೇಸರಿಗೆ 24, ಎಂದರೆ ಮೂರು ಸೆಟ್. ಮೂರನ್ನು ಸಮನಾಗಿ ಹಂಚಿಕೊಳ್ಳಲು ಬರುವುದಿಲ್ಲ, ಹಾಗಾಗಿ ಕೇಸರಿ ಬಂಜೆ. ನಂಜನಗೂಡು ರಸಬಾಳೆಯ ಕಥೆಯೂ ಇದೇ. ಪಾಂಪೋರಿನಲ್ಲಿ, ಇರಾನಿನಲ್ಲಿ, ಸ್ಪೇನಿನಲ್ಲಿ ಇರುವ ಕೇಸರಿಯೆಲ್ಲ ಗಡ್ಡೆಯಿಂದ ಗಡ್ಡೆಗೆ ಮನುಷ್ಯರ ಕೈ ದಾಟಿಸಿಕೊಂಡು ಬಂದದ್ದು. ಅದು ತಾನಾಗಿ ಎಲ್ಲೂ ಹುಟ್ಟಲಾರದು. ರೈತ ಅದನ್ನು ನಸುಕಿನಲ್ಲೇ, ಪೂರ್ತಿ ಅರಳುವ ಮುಂಚೆ ಕೀಳುತ್ತಾನೆ. ಬಿಸಿಲು ತಾಗಿದರೆ ಎಳೆ ಬಾಡುತ್ತದೆ. ಆ ಮುದುಕರಂಥವರು ಅರಳಲೆಂದೇ ಒಂದು ವರ್ಷ ಕಾಯುತ್ತಾರೆ. ಒಂದೇ ಹೂವಿಗೆ ಎರಡು ಬಗೆಯ ಕಾಯುವಿಕೆ.

ಈಚೆಗೆ ಬೆಂಗಳೂರಿನಲ್ಲೂ ಎಸಿ ಕೋಣೆಯಲ್ಲಿ ಕೇಸರಿ ಬೆಳೆದರು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿದೆ. ಟ್ರೇಯಲ್ಲಿ ಮಣ್ಣಿಲ್ಲ, ನೀರಿಲ್ಲ, ಹೂ ಬಂದಿದೆ. ಸುಳ್ಳಲ್ಲ. ಆದರೆ ಆ ಹೂ ಹೋದ ವರ್ಷ ಕಾಶ್ಮೀರದ ಹೊಲದಲ್ಲಿ ಗಡ್ಡೆ ಕೂಡಿಟ್ಟ ಉಳಿತಾಯದ್ದು. ಹೂ ಬಂದ ಮೇಲೆ ತಿಂಗಳುಗಟ್ಟಲೆ ಎಲೆ ಬೆಳೆಸಿ, ಮುಂದಿನ ವರ್ಷ ಹೂ ಬಿಡುವಷ್ಟು ದಪ್ಪದ ಗಡ್ಡೆ ಮಾಡಿಸಿದರೆ ಆಗ ಬೆಳೆದಂತೆ. ಸಣ್ಣ ಗಡ್ಡೆ ಹೂ ಬಿಡುವುದಿಲ್ಲ. ಬಂಡವಾಳ ಹಾಕುವ ಮುಂಚೆ ಎರಡನೆಯ ವರ್ಷದ ಹೂವಿನ ಫೋಟೊ ಕೇಳಿ.

ಕೇಸರಿ ಬಂಜೆಯಾದರೂ ಗೌಲಿಮಿಯೈ ಬಂಜೆಯಲ್ಲ. 2020ರ ಶರತ್ತಿನಲ್ಲಿ ಮುದುಕರು ಒಂದು ಕಾಗದದ ಪೊಟ್ಟಣದಲ್ಲಿ ಹತ್ತು ಹನ್ನೆರಡು ಬೀಜ ಕೊಟ್ಟರು, ಸಾಸಿವೆಗಿಂತ ತುಸು ದಪ್ಪ. ಗರಸು ಮಣ್ಣಿನಲ್ಲಿ ಹಾಕಿದೆ. ಚಳಿಯ ಕೊನೆಗೆ ಹುಲ್ಲಿನ ಎಳೆಯಂಥ ಒಂದೊಂದೇ ಎಲೆ ಬಂತು, ಬೇಸಿಗೆಗೆ ಹೋಯಿತು. ಮರುವರ್ಷವೂ ಹಾಗೆಯೇ. ಬೀಜದಿಂದ ಹೂವಿಗೆ ಮೂರು ನಾಲ್ಕು ವರ್ಷ ಬೇಕು ಎಂದು ಅವರು ಮೊದಲೇ ಹೇಳಿದ್ದರು. ಹೇಳುವಾಗ ಅವರಿಗೆ ಎಂಬತ್ತು ದಾಟಿತ್ತು. 2022ರಲ್ಲಿ ಅವರು ತೀರಿಕೊಂಡರು. ಆ ಹೊತ್ತಿಗೆ ನಾನು ಊರಿಗೆ ಬಂದುಬಿಟ್ಟಿದ್ದೆ. ಕುಂಡ ಮಗಳ ಪಾಲಿಗೆ ಉಳಿಯಿತು. ನೀರು ಹಾಕಬೇಡ, ನೀರು ಹಾಕಬೇಡ ಎಂದು ಬೇಸಿಗೆಯಿಡೀ ಫೋನಿನಲ್ಲಿ ಹೇಳುವುದು ನನ್ನ ಕೆಲಸ.

2024ರ ಅಕ್ಟೋಬರಿನಲ್ಲಿ ಒಂದು ದಿನ ವಾಟ್ಸಾಪಿನಲ್ಲಿ ಚಿತ್ರ ಬಂತು. ಗರಸಿನ ನಡುವೆ ಬಿಳಿಯ ಕೊಳವೆ, ತುದಿಯಲ್ಲಿ ಬಿಗಿಯಾಗಿ ಸುತ್ತಿದ ತಿಳಿ ನೇರಳೆ, ಇನ್ನೂ ಹಾಳೆ ಬಿಡಿಸದ ಬೀಡಿಯ ಹಾಗೆ. ‘ಅಪ್ಪ, ಮೂರು ದಿನದಿಂದ ಹೀಗೇ ಇದೆ, ಬಿಸಿಲೇ ಇಲ್ಲ’ ಎಂದು ಬರೆದಿದ್ದಳು. ಕ್ರೋಕಸ್ ಅರಳುವುದು ಬೆಳಕಿಗಿಂತ ಬೆಚ್ಚಗೆ ಆದದ್ದಕ್ಕೆ. ಒಂದೆರಡು ಡಿಗ್ರಿ ಏರಿದರೂ ಎಸಳಿನ ಒಳಮೈ ಹೊರಮೈಗಿಂತ ಬೇಗ ಬೆಳೆದು ಬಟ್ಟಲು ಬಿಚ್ಚಿಕೊಳ್ಳುತ್ತದೆ. ಒಳಗೆ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಡು ಎಂದೆ. ಸಂಜೆ ಕೇಳಿದೆ. ‘ಹೂಂ ಅಪ್ಪ, ಚಹಾ ಕುದಿಯುವಷ್ಟರಲ್ಲಿ ಪೂರ್ತಿ ಅರಳಿತು. ನೋಡ್ತಾ ನಿಂತುಬಿಟ್ಟೆ, ಚಹಾ ಉಕ್ಕಿತು, ಬಸ್ ತಪ್ಪಿತು’ ಎಂದಳು. ಫೋಟೊ ಎಲ್ಲಿ ಎಂದರೆ, ತೆಗೆಯುವುದು ಮರೆತೆ ಎಂದಳು.